ಹಾರೋದು ಬಿಟ್ಟು ನಿಂತವರು

ಕಾಮಿಕ್ಸ್‌ನಲ್ಲಿ ಕೆಟ್ಟವನಿಗೆ ರೆಕ್ಕೆ ಯಾಕೆ ಕೊಡ್ತಾರೆ ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀರಾ? ಬ್ಯಾಂಕ್ ದೋಚೋದಕ್ಕೆ ರೆಕ್ಕೆ ಬೇಕಿಲ್ಲ. ಹೊಡೆದಾಡೋದಕ್ಕೂ ಅದು ಅಂಥ ಅನುಕೂಲದ ವಸ್ತುವಲ್ಲ, ಸಿಕ್ಕಿಹಾಕಿಕೊಳ್ಳೋದೇ ಜಾಸ್ತಿ. ರೆಕ್ಕೆ ಬೇಕಾಗೋದು ಆಮೇಲೆ. ಕೆಲಸ ಮುಗಿಸಿ, ಕೆಳಗೆ ನಿಂತವರು ಬಾಯಿ ಬಿಟ್ಟು ನೋಡ್ತಾ ಇರುವಾಗ ಮೇಲಕ್ಕೆ ಹೋಗಿಬಿಡೋದಕ್ಕೆ. ಅಂದರೆ ರೆಕ್ಕೆಯ ಖಳನ ನಿಜವಾದ ಶಕ್ತಿ ಹಾರೋದಲ್ಲ, ಉತ್ತರ ಕೊಡದೆ ಹೋಗೋದು.

ಇದನ್ನು ಒಪ್ಪಿಕೊಂಡರೆ ಇನ್ನೊಂದು ಪ್ರಶ್ನೆ ಬರುತ್ತೆ. ಇಂಥವನು ಒಳ್ಳೆಯವನಾದ ಅಂತ ಕಥೆ ಹೇಳಿದಾಗ ನಾವು ಏನನ್ನು ನೋಡಬೇಕು? ಸಾಮಾನ್ಯವಾಗಿ ನೋಡೋದು ಅವನು ಯಾರ ಪರವಾಗಿ ಹಾರ್ತಾ ಇದ್ದಾನೆ ಅನ್ನೋದನ್ನ. ನಿನ್ನೆ ಆ ಕಡೆ ಇದ್ದ, ಇವತ್ತು ಈ ಕಡೆ ಬಂದ, ಸರಿ ಬಿಡಿ, ಬದಲಾದ. ನನಗೆ ಇದು ಸಾಲದು. ದಿಕ್ಕು ಬದಲಾಯಿಸೋದು ರೆಕ್ಕೆ ಇದ್ದವನಿಗೆ ಸುಲಭದ ಕೆಲಸ. ಅವನು ಯಾವಾಗ ಕೆಳಗಿಳಿದ, ಯಾರ ಮುಂದೆ ನಿಂತ ಅನ್ನೋದನ್ನು ಹುಡುಕಬೇಕು. ಕಥೆಗಳು ಆ ವಿವರವನ್ನು ಮೂಲೆಯಲ್ಲಿ ಇಟ್ಟಿರುತ್ತವೆ, ನಾವು ದಾಟಿಕೊಂಡು ಹೋಗ್ತೀವಿ.

ಎಲ್ಲರೂ ನೋಡಿರುವ ಉದಾಹರಣೆಯಿಂದ ಶುರು ಮಾಡೋಣ. 2017ರ ‘ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್’ ಸಿನಿಮಾದಲ್ಲಿ ಮೈಕಲ್ ಕೀಟನ್ ಮಾಡಿದ ವಲ್ಚರ್, ಅಂದರೆ ರಣಹದ್ದು. 1963ರಲ್ಲೇ ಕಾಮಿಕ್ಸ್‌ಗೆ ಬಂದ ಹಳೇ ಪಾತ್ರ. ಸಿನಿಮಾದ ಕೊನೆಗೆ ಅವನ ರೆಕ್ಕೆ ಸುಟ್ಟುಹೋಗಿ, ಸ್ಪೈಡರ್‌ಮ್ಯಾನೇ ಅವನನ್ನು ಬೆಂಕಿಯಿಂದ ಎಳೆದು, ಪೊಲೀಸರಿಗೆ ಸಿಗುವ ಹಾಗೆ ಕಟ್ಟಿಹಾಕಿ ಹೋಗ್ತಾನೆ. ಹೆಸರುಗಳು ಓಡುವಾಗ ಒಂದು ಸಣ್ಣ ದೃಶ್ಯ ಇದೆ, ಥಿಯೇಟರಿನಲ್ಲಿ ಅರ್ಧ ಜನ ಎದ್ದಿರ್ತಾರೆ. ಜೈಲಿನಲ್ಲಿ ಇನ್ನೊಬ್ಬ ಕೇಡಿ ಬಂದು, ಸ್ಪೈಡರ್‌ಮ್ಯಾನ್ ಯಾರು ಅಂತ ನಿನಗೆ ಗೊತ್ತಂತಲ್ಲ ಅಂತ ಕೇಳ್ತಾನೆ. ವಲ್ಚರ್‌ಗೆ ಗೊತ್ತು. ಆದರೂ ಹೇಳಲ್ಲ. ಗೊತ್ತಿದ್ದಿದ್ದರೆ ಇಷ್ಟೊತ್ತಿಗೆ ಅವನು ಸತ್ತಿರುತ್ತಿದ್ದ ಅನ್ನೋ ಅರ್ಥದ ಮಾತಾಡಿ ಹೊರಟುಬಿಡ್ತಾನೆ. ಇಡೀ ಸಿನಿಮಾದಲ್ಲಿ ಅವನು ಮಾಡಿದ ಒಳ್ಳೆ ಕೆಲಸ ಅಂದರೆ ಅದೊಂದೇ, ಅದೂ ಬಾಯಿ ಮುಚ್ಚಿಕೊಂಡದ್ದು. ಅದನ್ನು ಮಾಡುವಾಗ ಅವನ ಹತ್ತಿರ ರೆಕ್ಕೆ ಇರಲಿಲ್ಲ.

ವಲ್ಚರ್ ಅಲ್ಲಿ ಪೂರ್ತಿ ಬದಲಾದ ಅಂತ ನಾನು ಹೇಳ್ತಿಲ್ಲ. ಪೂರ್ತಿ ಬದಲಾವಣೆಯ ಕಥೆ ಬೇಕಾದರೆ ಮಾರ್ವೆಲ್‌ನವರ ‘ಥಂಡರ್‌ಬೋಲ್ಟ್ಸ್’ ಓದಬೇಕು. 1997ರಲ್ಲಿ ಕರ್ಟ್ ಬ್ಯೂಸಿಕ್ ಬರೆದು ಮಾರ್ಕ್ ಬ್ಯಾಗ್ಲಿ ಚಿತ್ರ ಹಾಕಿ ಶುರುವಾದದ್ದು. ದೊಡ್ಡ ಹೀರೋಗಳೆಲ್ಲ ಸತ್ತರು ಅಂತ ಲೋಕ ನಂಬಿಕೊಂಡಿರುವ ಹೊತ್ತಲ್ಲಿ ಒಂದು ಹೊಸ ತಂಡ ಬರುತ್ತೆ. ಜನಕ್ಕೆ ಖುಷಿ. ಮೊದಲ ಸಂಚಿಕೆಯ ಕೊನೇ ಪುಟದಲ್ಲಿ ಗೊತ್ತಾಗುತ್ತೆ, ಇವರೆಲ್ಲ ಬ್ಯಾರನ್ ಜೀಮೊ ಅನ್ನುವವನ ಹಳೇ ಕೇಡಿಗಳ ಗ್ಯಾಂಗು, ಹೆಸರು ಬಟ್ಟೆ ಬದಲಾಯಿಸಿಕೊಂಡು ಬಂದಿದ್ದಾರೆ ಅಂತ. ಲೋಕದ ನಂಬಿಕೆ ಗಳಿಸಿ ಆಮೇಲೆ ಲೋಕವನ್ನೇ ಹಿಡಿಯೋದು ಲೆಕ್ಕಾಚಾರ. ಆದರೆ ವೇಷ ಹಾಕಿದವರಲ್ಲಿ ಕೆಲವರಿಗೆ ವೇಷ ಹಿಡಿಸಿಬಿಡುತ್ತೆ.

ಅದರಲ್ಲಿ ರೆಕ್ಕೆಯವರು ಇಬ್ಬರು. ಒಬ್ಬ ಅಬ್ನರ್ ಜೆಂಕಿನ್ಸ್, 1964ರಿಂದಲೂ ಬೀಟಲ್ ಅನ್ನೋ ಹೆಸರಲ್ಲಿ ಓಡಾಡುತ್ತಿದ್ದ ಜೀರುಂಡೆ ವೇಷದ ಕೇಡಿ. ಮೂಲದಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯ ಮೆಕ್ಯಾನಿಕ್ಕು. ಕೈ ಚೆನ್ನಾಗಿತ್ತು, ಕೆಲಸ ಬೇಜಾರಾಗಿತ್ತು, ತಾನೇ ಒಂದು ರೆಕ್ಕೆಯ ಕವಚ ಮಾಡಿಕೊಂಡ. ಹೊಸ ತಂಡದಲ್ಲಿ ಅವನ ಹೆಸರು ಮ್ಯಾಕ್-1. ಇನ್ನೊಬ್ಬಳು ಮೆಲಿಸ್ಸಾ ಗೋಲ್ಡ್, ಹೊಸ ಹೆಸರು ಸಾಂಗ್‌ಬರ್ಡ್.

ಜೆಂಕಿನ್ಸ್ ಬಗ್ಗೆ ಓದುಗರು ಮಾತಾಡೋದು ಅವನ ಕವಚಗಳ ಬಗ್ಗೆ. ನನಗೆ ಮುಖ್ಯ ಅನಿಸೋ ವಿವರ ಬೇರೆ. ಜೀಮೊನನ್ನು ಇವರು ಎದುರು ಹಾಕಿಕೊಂಡ ಮೇಲೆ, ಅವೆಂಜರ್ಸ್ ತಂಡದ ಹಾಕೈ ಬಂದು, ನಾನು ನಿಮ್ಮನ್ನು ನಡೆಸ್ತೀನಿ ಅಂತಾನೆ. ಆದರೆ ಒಂದು ಷರತ್ತು. ಜೆಂಕಿನ್ಸ್ ಬೀಟಲ್ ಆಗಿದ್ದಾಗ ಒಂದು ಕೊಲೆ ಮಾಡಿದ್ದಾನೆ, ಅವನು ಹೋಗಿ ಜೈಲು ಸೇರಬೇಕು. ಅಷ್ಟು ಹೊತ್ತಿಗೆ ಜೆಂಕಿನ್ಸ್ ಎಷ್ಟೋ ಜನರ ಜೀವ ಉಳಿಸಿದ್ದಾನೆ. ಮೆಲಿಸ್ಸಾಳನ್ನು ಪ್ರೀತಿಸುತ್ತಿದ್ದಾನೆ. ಹಾರಿಹೋಗಬಹುದಿತ್ತು, ರೆಕ್ಕೆ ಬೆನ್ನ ಮೇಲೇ ಇತ್ತು. ಹೋಗಲಿಲ್ಲ. ಕವಚ ಬಿಚ್ಚಿಟ್ಟು ಶರಣಾದ.

ಹತ್ತು ಜನರನ್ನು ಉಳಿಸಿದ್ದು ಒಬ್ಬನನ್ನು ಕೊಂದದ್ದಕ್ಕೆ ವಜಾ ಆಗಲ್ಲ ಅಂತ ಒಂದು ಸೂಪರ್‌ಹೀರೋ ಕಾಮಿಕ್ಸು ಹೇಳೋದು ಅಪರೂಪ. ಇಲ್ಲಿ ಪುಣ್ಯದ ಖಾತೆ ಬೇರೆ, ಪಾಪದ ಖಾತೆ ಬೇರೆ. ಇದರಿಂದ ಅದಕ್ಕೆ ವರ್ಗಾವಣೆ ಇಲ್ಲ.

ಇದೇ ಜಾಗದಲ್ಲಿ ಇನ್ನೊಂದು ಸಣ್ಣ ವಿವರ ಇದೆ, ಅದನ್ನು ಯಾರೂ ಎತ್ತಿ ತೋರಿಸಲ್ಲ. ಷರತ್ತು ಹಾಕಿದ ಹಾಕೈ ಯಾರು? ಅವನೂ 1964ರಲ್ಲಿ ಐರನ್‌ಮ್ಯಾನ್ ವಿರುದ್ಧ ಕೇಡಿಯಾಗಿಯೇ ಕಾಮಿಕ್ಸ್‌ಗೆ ಬಂದವನು. 1965ರಲ್ಲಿ ಅವೆಂಜರ್ಸ್ ಅವನನ್ನು ಸೇರಿಸಿಕೊಂಡರು. ಅವನನ್ನು ಯಾರೂ ಮೊದಲು ಜೈಲಿಗೆ ಹೋಗಿ ಬಾ ಅನ್ನಲಿಲ್ಲ. ಹೆಸರಿನಲ್ಲಿ ಮಾತ್ರ ಹದ್ದು ಇರುವ ಇವನಿಗೆ ಸಲೀಸಾಗಿ ಸಿಕ್ಕಿದ ಕ್ಷಮೆ, ಬೆನ್ನ ಮೇಲೆ ರೆಕ್ಕೆ ಇದ್ದವನಿಗೆ ಸಿಗಲಿಲ್ಲ. ಹಾಕೈ ಕೊಲೆ ಮಾಡಿರಲಿಲ್ಲ ಅನ್ನಬಹುದು, ನಿಜ. ಆದರೂ ಕ್ಷಮೆ ಪಡೆದವರೇ ಮುಂದೆ ಕ್ಷಮೆಯ ದರ ನಿಗದಿ ಮಾಡ್ತಾರೆ ಅನ್ನೋದು ಕಥೆಯ ಒಳಗೆ ಸುಮ್ಮನೆ ಕೂತಿದೆ.

ಒಂದು ತಕರಾರೂ ಇದೆ. ಸರಣಿ ತನ್ನ ಮಾತಿಗೆ ತಾನೇ ನಿಲ್ಲಲಿಲ್ಲ. ಕೆಲವೇ ಸಂಚಿಕೆ ಕಳೆಯೋದರಲ್ಲಿ ಸರ್ಕಾರ ಗುಟ್ಟಿನ ಕೆಲಸಕ್ಕೆ ಅಂತ ಜೆಂಕಿನ್ಸ್‌ನನ್ನು ಹೊರಗೆ ತರುತ್ತೆ, ಅದೂ ಮತ್ತೆ ಬೀಟಲ್ ವೇಷದಲ್ಲೇ. ರೆಕ್ಕೆ ಇದ್ದವನನ್ನು ಸುಮ್ಮನೆ ಕೂರಿಸೋ ತಾಳ್ಮೆ ತಿಂಗಳು ತಿಂಗಳು ಮಾರಾಟ ಆಗಬೇಕಾದ ಪುಸ್ತಕಕ್ಕೆ ಇರಲ್ಲ. ಜೈಲಿನ ದಿನ ಬರೆಯೋಕೆ ಬೇಜಾರು, ಓದೋಕೂ ಬೇಜಾರು. ಆದರೆ ಬದಲಾವಣೆ ಆಗೋದೇ ಆ ಬೇಜಾರಿನ ದಿನಗಳಲ್ಲಿ ಅಲ್ವಾ?

ಮೆಲಿಸ್ಸಾಳದು ಇನ್ನೂ ಸೂಕ್ಷ್ಮ. 1979ರಲ್ಲಿ ಅವಳು ಬಂದದ್ದು ‘ಸ್ಕ್ರೀಮಿಂಗ್ ಮಿಮಿ’ ಆಗಿ, ಚೀರೋ ಮಿಮಿ. ಕುಸ್ತಿ ಹೆಂಗಸರ ಗುಂಪಿನಲ್ಲಿದ್ದವಳು. ಚೀರಿದರೆ ಎದುರಿದ್ದವರ ತಲೆ ಗಿರ್ರೆನ್ನಬೇಕು. ಜೊತೆಗಾರ ಸತ್ತಾಗ ಗಂಟಲೇ ಹಾಳಾಗುವಷ್ಟು ಚೀರಿದಳು. ಆಮೇಲೆ ಜೀಮೊನ ತಂಡದವರು ಅವಳಿಗೆ ಹೊಸ ಯಂತ್ರ ಕೊಟ್ಟರು, ಅದರಿಂದ ಅವಳ ದನಿ ಗಟ್ಟಿಯಾಗಿ ಆಕಾರ ತಗೊಳ್ಳುತ್ತೆ. ಅವಳ ಗುಲಾಬಿ ಬಣ್ಣದ ರೆಕ್ಕೆಗಳು ದನಿಯಿಂದಲೇ ಆದವು. ಇದನ್ನು ಎಲ್ಲರೂ ಚಂದದ ಕಲ್ಪನೆ ಅಂತ ಮೆಚ್ಚಿಕೊಳ್ತಾರೆ. ನಾನು ಹೇಳೋದು, ಆ ರೆಕ್ಕೆ ಹುಟ್ಟಿದ್ದು ಮೋಸಕ್ಕೆ. ಜನರನ್ನು ನಂಬಿಸೋದಕ್ಕೆ ಕೊಟ್ಟ ರೆಕ್ಕೆ ಅದು. ಅವಳು ಅದನ್ನು ಕಿತ್ತು ಬಿಸಾಕಲಿಲ್ಲ, ಬೇರೆ ಒಳ್ಳೇ ರೆಕ್ಕೆ ಬೇಕು ಅಂತಲೂ ಕೇಳಲಿಲ್ಲ. ಅದೇ ಗಂಟಲು, ಅದೇ ದನಿ. ಮೊದಲು ಎದುರಿನವರ ಕಿವಿ ಒಡೆಯುತ್ತಿದ್ದದ್ದು ಈಗ ಬೀಳುವ ಗೋಡೆಗೆ ಆಸರೆ ಆಗುತ್ತೆ. ಜೊತೆಗೆ, ಜೆಂಕಿನ್ಸ್‌ನ ಕವಚ ಕಪಾಟಿನಲ್ಲಿ ಇಟ್ಟರೆ ಇರುತ್ತೆ. ಇವಳ ರೆಕ್ಕೆ ಹಾಗಲ್ಲ, ದನಿ ನಿಂತರೆ ರೆಕ್ಕೆಯೂ ಇಲ್ಲ. ಪ್ರತಿ ಸಲ ಹೊಸದಾಗಿ ಮಾಡಬೇಕು. ಒಳ್ಳೆಯವರಾಗಿರೋದೂ ಹಾಗೇ ಇರಬೇಕು.

ಇದೆಲ್ಲ ಅಮೆರಿಕದ ಕಥೆ, ನಮಗೇನು ಅಂತ ಕೇಳಬೇಡಿ. ಹಾರುವ ಖಳ, ಬದಲಾದ ಖಳ, ಇವೆರಡೂ ಒಬ್ಬನಲ್ಲೇ ಸೇರಿದ್ದು ಕನ್ನಡದಲ್ಲಿ ಸುಮಾರು ಒಂಬೈನೂರು ವರ್ಷದ ಹಿಂದೆಯೇ ಆಗಿದೆ. ಅಭಿನವ ಪಂಪ ಅನಿಸಿಕೊಂಡ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದ ರಾವಣ. ಜೈನ ರಾಮಕಥೆಯಲ್ಲಿ ರಾವಣ ಹತ್ತು ತಲೆಯ ರಾಕ್ಷಸ ಅಲ್ಲ. ವಿದ್ಯಾಧರ, ಅಂದರೆ ವಿದ್ಯೆಗಳ ಬಲದಿಂದ ಆಕಾಶದಲ್ಲಿ ಓಡಾಡುವ ಖೇಚರರ ದೊರೆ. ರಾಕ್ಷಸ ಅನ್ನೋದು ಅವನ ವಂಶದ ಹೆಸರು. ತನ್ನನ್ನು ಒಲ್ಲದ ಹೆಂಗಸನ್ನು ಮುಟ್ಟೋದಿಲ್ಲ ಅಂತ ವ್ರತ ತಗೊಂಡವನು. ಅಂಥವನು ಸೀತೆಯನ್ನು ಹೊತ್ತುಕೊಂಡು ಹೋಗ್ತಾನೆ. ಯುದ್ಧ ನಡೆಯುವಾಗ ಬಹುರೂಪಿಣೀ ವಿದ್ಯೆ ಸಾಧಿಸಿಕೊಂಡು ಸೀತೆಯ ಮುಂದೆ ಬಂದು ಹೆದರಿಸ್ತಾನೆ. ರಾಮನಿಗೆ ಏನಾಗುತ್ತೋ ಅನ್ನೋ ದುಃಖದಲ್ಲಿ ಆಕೆ ಮೂರ್ಛೆ ಹೋಗ್ತಾಳೆ. ಅದನ್ನು ನೋಡಿ ರಾವಣನ ಮನಸ್ಸು ತಿರುಗಿಬಿಡುತ್ತೆ. ಇಂಥ ಜೋಡಿಯನ್ನು ಅಗಲಿಸಿದೆನಲ್ಲ, ವಂಶಕ್ಕೆ ಮಸಿ ಬಳಿದೆನಲ್ಲ, ವಿಭೀಷಣನ ಮಾತು ಕೇಳಲಿಲ್ಲವಲ್ಲ ಅಂತ ಕೊರಗ್ತಾನೆ. ಕನ್ನಡ ವಿಮರ್ಶೆ ಈ ಘಟ್ಟವನ್ನು ಹೊಗಳಿದ್ದೇ ಹೊಗಳಿದ್ದು. ಬಿಎಂಶ್ರೀ ಕಾಲದಿಂದ ಇವನನ್ನು ದುರಂತ ನಾಯಕ ಅಂತ ಓದುತ್ತಾ ಬಂದಿದ್ದೇವೆ.

ಹೊಗಳಿಕೆ ತಪ್ಪಲ್ಲ. ಆದರೆ ಅದರ ಮುಂದಿನ ಹೆಜ್ಜೆ ನೋಡಿ. ಮನಸ್ಸು ತಿರುಗಿದ ಮೇಲೆ ರಾವಣ ಸೀತೆಯನ್ನು ಅವತ್ತೇ ಕಳಿಸಿಕೊಡ್ತಾನಾ? ಇಲ್ಲ. ಈಗ ಕೊಟ್ಟರೆ ಹೆದರಿ ಕೊಟ್ಟ ಅಂತಾರೆ. ನಾಳೆ ಯುದ್ಧದಲ್ಲಿ ರಾಮ ಲಕ್ಷ್ಮಣರನ್ನು ಗೆದ್ದು, ಸೆರೆ ಹಿಡಿದು, ಆಮೇಲೆ ದೊಡ್ಡ ಮನಸ್ಸಿನಿಂದ ಕೊಡ್ತೀನಿ. ಇದು ಅವನ ತೀರ್ಮಾನ. ಆ ನಾಳೆಯಲ್ಲಿ ಅವನು ಬಿಟ್ಟ ಚಕ್ರವೇ ಲಕ್ಷ್ಮಣನ ಕೈ ಸೇರಿ ಅವನನ್ನು ಕೊಲ್ಲುತ್ತೆ. ಪಶ್ಚಾತ್ತಾಪ ನಿಜ, ಕಣ್ಣೀರು ನಿಜ, ಆದರೆ ವಾಪಸು ಕೊಡೋದನ್ನು ಒಂದು ದಿನ ಮುಂದೂಡಿದ. ರಾವಣ ಇಳಿಯೋಕೆ ಒಪ್ಪಿದ್ದ, ಆದರೆ ಗೆದ್ದು ಇಳೀತೀನಿ ಅಂದ. ಜೆಂಕಿನ್ಸ್ ಎಂಬ ಮೆಕ್ಯಾನಿಕ್ಕು ಮಾಡಿದ್ದನ್ನು ತ್ರಿಖಂಡದ ದೊರೆಗೆ ಮಾಡೋಕೆ ಆಗಲಿಲ್ಲ.

ಇನ್ನೂ ಒಂದು ವಿವರ, ಇದಂತೂ ಪೂರಾ ಮರೆತೇಹೋಗಿದೆ. ಸೀತೆಯನ್ನು ಒಯ್ಯುವಾಗ ದಾರಿಯಲ್ಲಿ ಅಡ್ಡ ಬಂದವನು ಜಟಾಯು ಒಬ್ಬನೇ ಅಲ್ಲ. ಜೈನ ರಾಮಕಥೆಯಲ್ಲಿ ರತ್ನಜಟಿ ಅನ್ನೋ ಒಬ್ಬ ಖೇಚರ ಬರ್ತಾನೆ. ಆಕಾಶದಲ್ಲಿ ಸೀತೆಯ ಗೋಳು ಕೇಳಿ ರಾವಣನನ್ನು ತಡೆಯೋಕೆ ಹೋಗ್ತಾನೆ. ರಾವಣ ಅವನನ್ನು ಕೊಲ್ಲಲ್ಲ, ಅವನ ವಿದ್ಯೆ ಕಿತ್ತುಕೊಳ್ತಾನೆ. ಹಾರಬಲ್ಲವನು ದೊಪ್ಪನೆ ಒಂದು ದ್ವೀಪಕ್ಕೆ ಬೀಳ್ತಾನೆ. ಸೀತೆಯನ್ನು ಒಯ್ದದ್ದು ರಾವಣನೇ ಅಂತ ಆಮೇಲೆ ರಾಮನ ಕಡೆಯವರಿಗೆ ಗೊತ್ತಾಗೋದು ಇವನ ಬಾಯಿಂದ. ನಾವು ಜಟಾಯುಗೆ ಅಳ್ತೀವಿ, ಸೀತೆಗೆ ಅಳ್ತೀವಿ, ಕೊನೆಗೆ ರಾವಣನಿಗೂ ಅಳ್ತೀವಿ. ರೆಕ್ಕೆ ಕಳಕೊಂಡು ಬಿದ್ದ ರತ್ನಜಟಿಗೆ ಯಾರು ಅತ್ತರು? ಖಳನ ಮನಸ್ಸು ತಿರುಗಿದ ಪ್ರಸಂಗವನ್ನು ಎಷ್ಟು ಚೆನ್ನಾಗಿ ಬರೆದಷ್ಟೂ ಅವನಿಂದ ಬಿದ್ದವರು ಹಿಂದಕ್ಕೆ ಸರೀತಾರೆ. ಕಾಮಿಕ್ಸ್‌ನಲ್ಲೂ ಇದೇ ಕಥೆ. ಬೀಟಲ್ ಕೈಯಲ್ಲಿ ಸತ್ತವನ ಮನೆಯವರ ಹೆಸರು ಎಷ್ಟು ಓದುಗರಿಗೆ ನೆನಪಿದೆ?

ಈ ಪ್ರಶ್ನೆ ನಮ್ಮ ಹನೂರು ಕಡೆಯವರಿಗೆ ಬರೀ ಪುಸ್ತಕದ್ದಲ್ಲ. 1992ರ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ವೀರಪ್ಪನ್ ಗ್ಯಾಂಗು ಹೊಂಚು ಹಾಕಿ ಪೊಲೀಸರನ್ನು ಕೊಂದದ್ದು ಈ ಕಾಡಿನಲ್ಲೇ. ಅವನಿಗೂ ರೆಕ್ಕೆ ಇದೆ ಅಂತ ನಂಬೋ ಹಾಗಿತ್ತು ಆ ಕಾಲ. ಇವತ್ತು ಕರ್ನಾಟಕದ ಕಾಡು, ನಾಳೆ ತಮಿಳುನಾಡಿನ ಕಾಡು. ಅವನು ಶರಣಾಗ್ತಾನಂತೆ, ಕ್ಷಮಾದಾನ ಕೇಳ್ತಿದ್ದಾನಂತೆ ಅನ್ನೋ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಬಂತೋ. 2000ದ ಜುಲೈ 30ರಂದು ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಒಯ್ದಾಗ, ಅವರನ್ನು ಬಿಡಿಸಿಕೊಳ್ಳೋದಕ್ಕೆ ಅಂತ ವೀರಪ್ಪನ್ ಕಡೆಯ ಆರೋಪಿಗಳ ಮೇಲಿನ ಟಾಡಾ ಮೊಕದ್ದಮೆ ಕೈಬಿಡೋಕೆ ಸರ್ಕಾರ ಹೊರಟಿತು. ತಡೆದವರು ಯಾರು ಗೊತ್ತಾ? ಮೀಣ್ಯಂ ಹತ್ತಿರ ಸತ್ತ ಒಬ್ಬ ಪೊಲೀಸ್ ಅಧಿಕಾರಿಯ ತಂದೆ. ಆ ಹಿರಿಯರು ಸುಪ್ರೀಂ ಕೋರ್ಟಿಗೆ ಹೋದರು, ಕೋರ್ಟು ಅದೇ ವರ್ಷ ನವೆಂಬರಿನಲ್ಲಿ ಅವರ ಮಾತು ಎತ್ತಿಹಿಡಿಯಿತು. ನಾಡಿಗೆ ನಾಡೇ ರಾಜಣ್ಣ ಬಂದರೆ ಸಾಕು ಅಂತಿದ್ದ ದಿನಗಳಲ್ಲಿ, ಕ್ಷಮಿಸೋ ಮುಂಚೆ ನನ್ನನ್ನೂ ಕೇಳಿ ಅಂದವರು ಅವರು. ರತ್ನಜಟಿಯ ಕಡೆಯಿಂದ ಒಬ್ಬರು ಎದ್ದು ನಿಂತು ಮಾತಾಡಿದ್ದನ್ನು ಈ ನೆಲ ನೋಡಿದೆ.

ಹಾಗಂತ ಆ ಕಡೆಯ ಲೆಕ್ಕ ಮಾತ್ರ ಬರೆದರೆ ಅದೂ ಅನ್ಯಾಯ. ಅವನನ್ನು ಹಿಡಿಯೋಕೆ ಬಂದ ಖಾಕಿಯವರ ಕೈಯಲ್ಲಿ ಸೋಲಿಗರು, ಕಾಡಂಚಿನ ಹಳ್ಳಿಯವರು ಪಟ್ಟ ಪಾಡನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯ ಮುಂದೆ ಜನ ಬಂದು ಹೇಳಿಕೊಂಡಿದ್ದಾರೆ. ಒಳ್ಳೆಯವರ ವೇಷ ಹಾಕಿದ ಮಾತ್ರಕ್ಕೆ ಖಾತೆ ಖಾಲಿ ಇರಲ್ಲ ಅನ್ನೋದನ್ನು ಹೇಳೋಕೆ ನಮಗೆ ಥಂಡರ್‌ಬೋಲ್ಟ್ಸ್ ಬೇಕಿರಲಿಲ್ಲ.

ಹಾಗಾದರೆ ಕೆಟ್ಟವನನ್ನು ಏನು ಮಾಡಬೇಕು? ಈ ಒಂದು ತಾಲೂಕಿನಲ್ಲೇ ಎರಡು ಉತ್ತರ ಇವೆ. ಮಲೆ ಮಾದಪ್ಪನ ಕಾವ್ಯದಲ್ಲಿ ದೇವಾನುದೇವತೆಗಳನ್ನು ಸೆರೆಯಲ್ಲಿಟ್ಟ ಶ್ರವಣ ದೊರೆ ಬರ್ತಾನೆ. ಅವನಿಗೆ ಬದಲಾಗೋ ಅವಕಾಶ ಇಲ್ಲ, ಮಾದಪ್ಪ ಅವನನ್ನು ಮುಗಿಸಿಯೇ ಮುಂದೆ ಹೋಗೋದು. ಕಂಸಾಳೆಯವರು ಅದನ್ನು ಹಾಡುವಾಗ ಕೇಳಿದವರಿಗೆ ಗೊತ್ತು, ಅಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಇನ್ನೊಂದು ಉತ್ತರ ಒಡೆಯರಪಾಳ್ಯದಲ್ಲಿದೆ. 1970ರ ದಶಕದಲ್ಲಿ ಅಲ್ಲಿಗೆ ಬಂದು ನೆಲೆ ನಿಂತ ಟಿಬೆಟಿಯನ್ನರು ತಮ್ಮ ಜೊತೆ ಮುಸುಕಿನ ಜೋಳ ಬೆಳೆಯೋ ಛಲವನ್ನಷ್ಟೇ ತರಲಿಲ್ಲ, ಬದಲಾದ ಖಳರ ಒಂದು ದೊಡ್ಡ ಪಟ್ಟಿಯನ್ನೇ ತಂದರು.

ಆ ಸಂಪ್ರದಾಯದ ಪ್ರಕಾರ 8ನೇ ಶತಮಾನದಲ್ಲಿ ಟಿಬೆಟಿಗೆ ಹೋದ ಪದ್ಮಸಂಭವ ಅಲ್ಲಿನ ದುಷ್ಟ ಶಕ್ತಿಗಳನ್ನು ಕೊಲ್ಲಲಿಲ್ಲ. ಆಣೆ ಹಾಕಿಸಿ, ಧರ್ಮಕ್ಕೆ ಕಾವಲು ನಿಲ್ಲಿಸಿದ. ಅಂಥ ಒಬ್ಬ ಪೇಹಾರ್. ಅವನನ್ನು ಪೆಟ್ಟಿಗೆಯಲ್ಲಿ ಹಾಕಿ ಹೊಳೆಗೆ ಬಿಟ್ಟಾಗ ಬಿಳಿ ಪಾರಿವಾಳ ಆಗಿ ಹಾರಿಹೋದನಂತೆ. ಅವನು ಹೋಗಿ ಕೂತ ಮರದ ಸುತ್ತಲೇ ಲಾಸಾ ಹತ್ತಿರದ ನೇಚುಂಗ್ ಗುಡಿ ಎದ್ದಿತು ಅಂತ ಕಥೆ. ಹಾರಿದ್ದನ್ನು ಯಾರೂ ಬೆನ್ನಟ್ಟಲಿಲ್ಲ, ಇಳಿದ ಜಾಗವನ್ನೇ ಅವನ ಕಾವಲಿನ ಜಾಗ ಮಾಡಿದರು. ಇನ್ನೊಬ್ಬ ರಾಹುಲ. ಒಡೆಯರಪಾಳ್ಯದಲ್ಲಿ ಮಠ ಇರುವ ಜೋಗ್‌ಚೆನ್ ಪರಂಪರೆಯ ಮೂವರು ಮುಖ್ಯ ಕಾವಲುಗಾರರಲ್ಲಿ ಅವನೂ ಒಬ್ಬ. ಒಂಬತ್ತು ತಲೆ, ಎಲ್ಲಕ್ಕಿಂತ ಮೇಲೆ ಕಾಗೆಯ ತಲೆ, ಮೈತುಂಬ ಕಣ್ಣು, ಕೆಳಗೆ ಹಾವಿನ ಮೈ, ಕೈಯಲ್ಲಿ ಬಿಲ್ಲು ಬಾಣ. ಗ್ರಹಣ ಹಿಡಿಸೋ ನಮ್ಮ ರಾಹುವಿನ ನೆಂಟ. ನಮ್ಮಲ್ಲಿ ಇನ್ನೂ ಸೂರ್ಯಚಂದ್ರರನ್ನು ನುಂಗುತ್ತಾ ಇರುವವನು ಅವರಲ್ಲಿ ಕಾವಲಿಗೆ ನಿಂತಿದ್ದಾನೆ.

ಇಂಥ ಚಿತ್ರಗಳನ್ನು ನೋಡಿದ ನಮ್ಮವರು ಕೇಳೋದು ಒಂದೇ: ದೇವರು ಅಂತೀರಿ, ಮುಖ ಯಾಕೆ ಹೀಗಿದೆ? ಎಲ್ಲರೂ ದಾಟಿಹೋಗುವ ವಿವರ ಇದೇ. ಆಣೆ ಮಾಡಿದ ಮೇಲೂ ಅವನ ಕೋರೆಹಲ್ಲು ಹೋಗಲಿಲ್ಲ, ಬಿಲ್ಲು ಕಸಿಯಲಿಲ್ಲ, ಕಾಗೆ ತಲೆಗೆ ಕಿರೀಟ ಮುಚ್ಚಿ ಚಂದ ಮಾಡಲಿಲ್ಲ. ಅವನು ಏನಾಗಿದ್ದ ಅನ್ನೋದು ಎಲ್ಲರಿಗೂ ಕಾಣುವ ಹಾಗೆ ಇದೆ. ಇನ್ನೂ ಒಂದಿದೆ. ಪೂಜೆಯಲ್ಲಿ ಇಂಥ ಕಾವಲುಗಾರರಿಗೆ ಅವರು ಹಿಂದೆ ಕೊಟ್ಟ ಮಾತನ್ನು ನೆನಪು ಮಾಡಿಕೊಡ್ತಾರೆ. ನೀನು ಒಪ್ಪಿಕೊಂಡಿದ್ದೆ, ಮರೀಬೇಡ. ನಂಬಿಕೆಯೂ ಇದೆ, ಎಚ್ಚರವೂ ಇದೆ. ಒಮ್ಮೆ ಬದಲಾದ, ಮುಗೀತು ಅಂತ ಬಿಡಲ್ಲ.

ಮೆಲಿಸ್ಸಾಳ ದನಿಯ ರೆಕ್ಕೆ ಮತ್ತು ಈ ನೆನಪು ಮಾಡಿಕೊಡೋ ಪೂಜೆ ಒಂದೇ ಮಾತನ್ನು ಹೇಳ್ತಿವೆ ಅಂತ ನನ್ನ ಓದು. ಇಷ್ಟಾದರೂ ಒಂದು ಕೊರತೆ ಉಳಿಯುತ್ತೆ. ಆಣೆ ಹಾಕಿಸಿದವನು ಗುರು, ಷರತ್ತು ಹಾಕಿದವನು ಹಾಕೈ, ಮನಸ್ಸು ತಿರುಗಿಸಿಕೊಂಡವನು ರಾವಣ. ಪೆಟ್ಟು ತಿಂದವರು ಈ ಮೂರು ಕಥೆಯಲ್ಲೂ ಪಂಚಾಯ್ತಿಗೆ ಬಂದಿಲ್ಲ.

ಬಾಲಮಂಗಳದ ಡಿಂಗ ಬಂದು ಕೆಟ್ಟವರಿಗೆ ನಾಲ್ಕು ಬಿಗಿದು ಹೋದರೆ ಸಾಕು ಅಂದುಕೊಂಡು ಬೆಳೆದ ತಲೆಮಾರು ನಮ್ಮದು. ಈಗಿನ ಮಕ್ಕಳಿಗೆ ಸಿಗ್ತಿರೋ ಖಳರು ಅಷ್ಟು ಸಲೀಸಲ್ಲ. ಅಳ್ತಾರೆ, ತಿರುಗ್ತಾರೆ, ಹೀರೋ ಪಕ್ಕದಲ್ಲೇ ಹಾರ್ತಾರೆ. ಅಂಥ ಕಥೆ ಕೈಗೆ ಬಂದಾಗ ಮಕ್ಕಳ ಜೊತೆ ಕೂತು ಓದಿ. ಇವನು ಒಳ್ಳೆಯವನಾ ಕೆಟ್ಟವನಾ ಅಂತ ಕೇಳಬೇಡಿ, ಅದಕ್ಕೆ ಉತ್ತರ ಅವರಿಗೆ ಮುಂಚೆಯೇ ಗೊತ್ತಿರುತ್ತೆ. ಇವನು ಕೆಳಗೆ ಇಳಿದದ್ದು ಯಾವ ಪುಟದಲ್ಲಿ, ಆಗ ಅಲ್ಲಿ ಯಾರ್‍ಯಾರು ಇದ್ದರು ಅಂತ ಕೇಳಿ. ಪುಟ ತಿರುವಿ ಹುಡುಕಲಿ. ಎಷ್ಟೋ ಪುಸ್ತಕದಲ್ಲಿ ಆ ಪುಟ ಸಿಗೋದೇ ಇಲ್ಲ.